ಅರ್ಧ ಗಿಳಿಯ ಅಚ್ಚು

ಗುಂಡ್ಲುಪೇಟೆಯ ನಮ್ಮ ದೊಡ್ಡವ್ವನ ಮನೆಯ ಸಕ್ಕರೆ ಗಿಳಿಗೆ ಒಂದೇ ಕಣ್ಣು. ಈ ಕಡೆಯಿಂದ ನೋಡಿದರೆ ಬಾಗಿದ ಕೊಕ್ಕು, ಮಡಚಿದ ರೆಕ್ಕೆ, ರೆಕ್ಕೆಯ ಮೇಲೆ ಎಳ್ಳುಕಾಳಿನಷ್ಟು ಸಣ್ಣ ಗೀರುಗಳು ಎಲ್ಲವೂ ಇವೆ. ಮಗುಚಿದರೆ ಒಬ್ಬಟ್ಟಿನ ಹಾಗೆ ಚಪ್ಪಟೆ. ಸಂಕ್ರಾಂತಿಯ ಎಳ್ಳು-ಬೆಲ್ಲದ ತಟ್ಟೆಯಲ್ಲಿ ಅದನ್ನು ಮಲಗಿಸಿಯೇ ಇಡುವುದರಿಂದ, ಎಳ್ಳು ಬೀರಿಸಿಕೊಂಡವರಿಗೆ ಇದು ಗೊತ್ತಾಗುವುದು ಮಕ್ಕಳು ಗಿಳಿಯನ್ನು ಕೈಗೆತ್ತಿಕೊಂಡಾಗಲೇ. ‘ನಿಮ್ಮನೆ ಗಿಳಿ ಯಾಕೆ ಅರ್ಧ?’ ಎಂದು ಕೇಳಿದವರಿಗೆ ದೊಡ್ಡವ್ವನ ಉತ್ತರ ಸಿದ್ಧವಾಗಿರುತ್ತದೆ: ‘ಇನ್ನರ್ಧ ಹಾರೋಗದ ಕನವ್ವ.’

ಹೋದ ಸಂಕ್ರಾಂತಿಗೆ ನಾನು ಅಲ್ಲಿಗೆ ಹೋದದ್ದು ಸಕ್ಕರೆ ಅಚ್ಚು ಮಾಡುವ ವಿಧಾನ ಬರೆದುಕೊಂಡು ಬರಲು. ನೋಟುಬುಕ್ಕಿನಲ್ಲಿ ವಿಧಾನಕ್ಕಿಂತ ಗಿಳಿಯ ಕತೆಯೇ ಹೆಚ್ಚು ತುಂಬಿಕೊಂಡಿತು.

ಟ್ರಂಕಿನೊಳಗಿನ ಜೋಡಿಗಳು

ಅಚ್ಚುಗಳು ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿರುತ್ತವೆ. ಡಿಸೆಂಬರ್ ಕೊನೆಗೆ ಟ್ರಂಕು ಕೆಳಗಿಳಿಯುತ್ತದೆ. ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಹನ್ನೊಂದು ಮರದ ಅಚ್ಚುಗಳು: ಕಳಶ, ಆನೆ, ಬಸವ, ಮೀನು, ಮಂಟಪ, ತುಳಸಿಕಟ್ಟೆ ಹೀಗೆ. ವರ್ಷವರ್ಷವೂ ನೀರು ಕುಡಿದು, ಪಾಕ ಕುಡಿದು ಮರ ಕಪ್ಪಾಗಿದೆ. ಮೂಗಿಗೆ ಹಿಡಿದರೆ ಈಗಲೂ ಸಣ್ಣಗೆ ಹಾಲಿನ ವಾಸನೆ.

ಒಂದೊಂದು ಅಚ್ಚೂ ಎರಡು ಹೋಳು. ಒಳಗೆ ಆಕಾರವನ್ನು ತಿರುವು ಮುರುವಾಗಿ ಕೆತ್ತಿರುತ್ತಾರೆ. ಉಬ್ಬಬೇಕಾದ ಕಡೆ ತಗ್ಗು, ತಗ್ಗಬೇಕಾದ ಕಡೆ ಉಬ್ಬು. ತುಳಸಿಕಟ್ಟೆಗೆ ಮಾತ್ರ ಮೂರು ಹೋಳು, ಇಲ್ಲದಿದ್ದರೆ ಅದರ ಮೂಲೆಗಳು ಮುರಿಯದೆ ಬಿಡಿಸಿಕೊಳ್ಳುವುದಿಲ್ಲ. ಈ ಊರಿನಲ್ಲಿ ಹಿಂದೆ ಬಾಗಿಲು, ಹಸೆಮಣೆ ಮಾಡುತ್ತಿದ್ದ ಆಚಾರಿಯೊಬ್ಬರು ಇವನ್ನು ಕೆತ್ತಿದರಂತೆ. ಅವರ ಜಾಣತನ ಇರುವುದು ಹೊರಬದಿಯಲ್ಲಿ. ಜೋಡಿ ತಪ್ಪಬಾರದೆಂದು ಎರಡು ಹೋಳಿನ ಬೆನ್ನ ಮೇಲೂ ಒಂದೇ ಗುರುತು ಗೀರಿದ್ದಾರೆ. ಆನೆಗೆ ಒಂದು ಗೆರೆ, ಬಸವನಿಗೆ ಎರಡು, ಮೀನಿಗೆ ಕತ್ತರಿ. ಗಿಳಿಗೆ ಮೂರು ಗೆರೆ, ಹಕ್ಕಿಯ ಹೆಜ್ಜೆಯ ಹಾಗೆ. ಮೂರು ಗೆರೆಯ ಹೋಳು ಟ್ರಂಕಿನಲ್ಲಿ ಒಂದೇ ಇತ್ತು.

ಪಾಕ ಕಾಯದಿಲ್ಲ

ಕೆಲಸ ಹಬ್ಬದ ಹದಿನೈದು ದಿನ ಮುಂಚೆ ಶುರುವಾಗುತ್ತದೆ. ಕೊಬ್ಬರಿಯ ಕಂದು ಸಿಪ್ಪೆ ತುರಿದು, ಅಡಕತ್ತರಿಯಲ್ಲಿ ಸಣ್ಣಗೆ ಹೆಚ್ಚಿ ತಾರಸಿಯಲ್ಲಿ ಒಣಗಿಸುವುದು, ಅಚ್ಚುಬೆಲ್ಲವನ್ನು ಕಡಲೆಯಷ್ಟು ತುಂಡು ಮಾಡುವುದು, ಕಡಲೆಕಾಯಿ ಬೀಜ ಹುರಿದು ಹೊಟ್ಟು ಊದುವುದು. ಇವೆಲ್ಲ ಟಿ.ವಿ. ಮುಂದೆ ಕೂತು ಮಾಡಬಹುದಾದ ಕೆಲಸಗಳು. ಅರ್ಧಕ್ಕೆ ಬಿಟ್ಟು ಎದ್ದರೂ ಏನೂ ಕೆಡುವುದಿಲ್ಲ.

ಸಕ್ಕರೆ ಅಚ್ಚಿನ ರೀತಿಯೇ ಬೇರೆ.

ಮೊದಲು ಸಕ್ಕರೆಯ ಕೊಳೆ ತೆಗೆಯಬೇಕು. ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ಎರಡು ಮೂರು ಚಮಚ ಹಾಲು ಬಿಡುತ್ತಾರೆ. ಹಾಲು ಒಡೆದು, ಕೊಳೆಯನ್ನೆಲ್ಲ ಹಿಡಿದುಕೊಂಡು ಬೂದು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಒದ್ದೆ ಬಿಳಿ ಬಟ್ಟೆಯಲ್ಲಿ ಸೋಸಿ, ಮತ್ತೆ ಕುದಿಸಿ, ಮತ್ತೆ ಹಾಲು. ಕೆಲವರು ನಿಂಬೆರಸ ಹಿಂಡುತ್ತಾರೆ. ಹುಳಿ ಹೆಚ್ಚಾದರೆ ಮಾತ್ರ ಸಕ್ಕರೆ ಹರಳುಗಟ್ಟುವ ಗುಣವನ್ನೇ ಕಳೆದುಕೊಂಡು ಅಂಟಾಗುತ್ತದೆ, ಅಚ್ಚು ಕೂರುವುದಿಲ್ಲ. ತಿಳಿಯಾದ ಪಾಕವನ್ನು ರಾತ್ರಿಯಿಡೀ ಮುಚ್ಚಿಟ್ಟು, ಬೆಳಗ್ಗೆ ಗಷ್ಟು ಕದಡದ ಹಾಗೆ ಬಸಿದುಕೊಳ್ಳಬೇಕು. ಇನ್ನೊಂದು ಬೋಗುಣಿಯಲ್ಲಿ ಅಚ್ಚುಗಳು ರಾತ್ರಿಯೆಲ್ಲ ನೀರಿನಲ್ಲಿ ನೆನೆದಿರುತ್ತವೆ. ಒಣ ಮರಕ್ಕೆ ಪಾಕ ಕಚ್ಚಿಕೊಳ್ಳುತ್ತದೆ. ನೀರು ಕುಡಿದ ಮರ ಬಿಟ್ಟುಕೊಡುತ್ತದೆ.

ಆಮೇಲಿನದ್ದು ಸೌಟಿನ ಲೆಕ್ಕ. ಒಮ್ಮೆಗೆ ಒಂದೇ ಸೌಟು ಪಾಕ, ಸಣ್ಣ ಪಾತ್ರೆಯಲ್ಲಿ, ಅರ್ಧ ಚಮಚ ಹಾಲಿನ ಜೊತೆ. ಕುದಿದು ಗುಳ್ಳೆ ದಪ್ಪವಾಗುತ್ತಿದ್ದಂತೆ ಒಲೆಯಿಂದ ಇಳಿಸಿ ಬಿರಬಿರನೆ ತಿರುವುತ್ತಾರೆ. ಪಾತ್ರೆಯ ಅಂಚಿನಲ್ಲಿ ಪಾಕ ಬೆಳ್ಳಗೆ ಮಂಜಾಗುತ್ತದೆ. ಆ ಗಳಿಗೆಗೆ ಹೊಯ್ಯಬೇಕು. ಮುಂಚೆ ಹೊಯ್ದರೆ ಒಳಗೆ ನೀರಾಗಿ ಉಳಿಯುತ್ತದೆ, ತಡವಾದರೆ ಪಾತ್ರೆಯಲ್ಲೇ ಕಲ್ಲು.

‘ಪಾಕ ಯಾರ್ಗೂ ಕಾಯದಿಲ್ಲ ಕನವ್ವ’ ಎಂದು ದೊಡ್ಡವ್ವ ಸೌಟನ್ನು ನನ್ನ ಕೈಗೆ ಕೊಟ್ಟಳು. ಅಂಚು ಬೆಳ್ಳಗಾದದ್ದನ್ನು ಬರೆದುಕೊಳ್ಳಲೆಂದು ನಾನು ಪೆನ್ನು ಎತ್ತಿಕೊಂಡೆ, ಅಷ್ಟೇ. ತಿರುಗಿ ನೋಡುವಷ್ಟರಲ್ಲಿ ಸೌಟು ಪಾತ್ರೆಗೆ ಕಚ್ಚಿಕೊಂಡು ನಿಂತಿತ್ತು. ಮನೆಯವರೆಲ್ಲ ನಕ್ಕರು. ನಷ್ಟವೇನಿಲ್ಲ, ನೀರು ಹಾಕಿ ಕುದಿಸಿದರೆ ಅದು ಮತ್ತೆ ಪಾಕವೇ. ಮುರಿದ ಆನೆ, ಬಾಲವಿಲ್ಲದ ಮೀನು ಎಲ್ಲ ಹೀಗೇ ಪಾತ್ರೆಗೆ ವಾಪಸ್ಸಾಗುತ್ತವೆ. ಹಾಳಾಯಿತೆಂದು ಏನನ್ನೂ ಎಸೆಯಬೇಕಿಲ್ಲದ ಕಸುಬು ಇದು.

ಹಾಗಾದರೆ ಬೇಕಾದದ್ದೇನು? ಕೈಗಳು. ದೊಡ್ಡವ್ವ ತಿರುವುವಾಗ ಅತ್ತಿಗೆ ಅಚ್ಚು ಒರೆಸಿ, ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ ಬಾಯಿ ಮೇಲೆ ಮಾಡಿ ಹಿಡಿದಿರಬೇಕು. ಒಂದು ಪಾತ್ರೆ ಪಾಕ ಎರಡು ಮೂರು ಅಚ್ಚಿಗೆ ಮುಗಿಯುತ್ತದೆ. ಐದು ಹತ್ತು ನಿಮಿಷಕ್ಕೆ ಗಟ್ಟಿಯಾದ ಅಚ್ಚನ್ನು ನೆಲಕ್ಕೆ ತಟ್ಟಿ ಬಿಡಿಸಿ, ಬುಡ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಅತ್ತಿಗೆಯ ಕೈಗೆ ಕೊಡಲು ಮೂರನೆಯವರು ಬೇಕು. ಅಷ್ಟರಲ್ಲಿ ಮುಂದಿನ ಪಾಕ ಮಂಜಾಗಿರುತ್ತದೆ.

ಮೂವರೂ ಸಿಗುವ ಹೊತ್ತು

ಈ ಮನೆಯಲ್ಲಿ ಮೂವರು ಒಟ್ಟಿಗೆ ಸಿಗುವುದು ರಾತ್ರಿ ಒಂಬತ್ತೂವರೆಯ ಮೇಲೆ. ಅತ್ತಿಗೆ ಹಳ್ಳಿ ಶಾಲೆಯ ಟೀಚರ್, ಬೆಳಗ್ಗೆ ಎಂಟಕ್ಕೆ ಬಸ್‌ಸ್ಟಾಂಡಿನಲ್ಲಿರಬೇಕು. ಅಣ್ಣನದು ತರಕಾರಿ ಮಂಡಿ. ಕೇರಳಕ್ಕೆ ಹೋಗುವ ಲಾರಿಗಳು ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚುವ ಮೊದಲು ಹೊರಡಬೇಕು, ಹಾಗಾಗಿ ಸಂಜೆಯೆಲ್ಲ ಅವನು ಮನೆಗಿಲ್ಲ. ಮೊಮ್ಮಗಳಿಗೆ ದಿನಾ ಮೈಸೂರಿನಲ್ಲಿ ಕಾಲೇಜು, ಹೋಗಿಬರಲು ನೂರಿಪ್ಪತ್ತು ಕಿ.ಮೀ. ಮೊಮ್ಮಗನಿಗೆ ಎಸ್ಸೆಸ್ಸೆಲ್ಸಿ ಟ್ಯೂಷನ್.

ಯಾರಿಗೂ ಪುರಸೊತ್ತಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಒಬ್ಬೊಬ್ಬರಿಗೂ ದಿನದಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಬಿಡುವಿದೆ. ಆದರೆ ಒಬ್ಬರ ಬಿಡುವು ಇನ್ನೊಬ್ಬರ ಬಿಡುವಿನ ಜೊತೆ ಕೂಡುವುದಿಲ್ಲ. ಸಕ್ಕರೆ ಅಚ್ಚು ಕೇಳುವುದು ಮೂರು ಜನರ ಒಂದೇ ಹೊತ್ತನ್ನು, ಮನೆಗಳಲ್ಲಿ ಈಗ ಸಕ್ಕರೆಗಿಂತ ತುಟ್ಟಿಯಾಗಿರುವುದು ಅದೇ.

ಇದೇ ಅಡುಗೆಮನೆಯಲ್ಲಿ ಕೇಕು ಸಲೀಸಾಗಿ ಬೇರು ಬಿಟ್ಟಿರುವುದಕ್ಕೂ ಅದೇ ಕಾರಣವಿರಬೇಕು. ಗುಂಡ್ಲುಪೇಟೆಗೆ ಕೇಕು ಎರಡು ದಿಕ್ಕಿನಿಂದ ಬಂತು. ಮೈಸೂರಿನ ಕಡೆಯಿಂದ ಹಾಸನದ ಹಳ್ಳಿಗಳವರು ಊರೂರಿಗೆ ಒಯ್ದ ಅಯ್ಯಂಗಾರ್ ಬೇಕರಿ, ಘಟ್ಟದ ಕೆಳಗಿನಿಂದ ಕೇರಳದ ಬೇಕರಿ. ಆ ಕಡೆಯ ತಲಶ್ಶೇರಿಯಲ್ಲಿ 1883ರಲ್ಲೇ ಮಾಂಬಳ್ಳಿ ಬಾಪು ಎಂಬವರು ಕ್ರಿಸ್ಮಸ್ ಕೇಕು ಬೇಯಿಸಿದ್ದರು. ಮನೆಯೊಳಕ್ಕೆ ಕೇಕನ್ನು ತಂದದ್ದು ಮಾತ್ರ ಅತ್ತಿಗೆಯ ಕುಕ್ಕರ್. ತಳಕ್ಕೆ ಮರಳು ಹರಡಿ, ಗ್ಯಾಸ್ಕೆಟ್ಟು, ವಿಷಲ್ಲು ತೆಗೆದು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಮನೆ ಕಟ್ಟಿಸುವಾಗ ಮಿಕ್ಕ ಮರಳನ್ನು ಜರಡಿ ಹಿಡಿದು, ತೊಳೆದು, ಒಣಗಿಸಿ ಇಟ್ಟ ಡಬ್ಬಿಯ ಮೇಲೆ ‘ಕೇಕ್ ಮರಳು’ ಎಂಬ ಚೀಟಿ ಇನ್ನೂ ಇದೆ. 2020ರ ಲಾಕ್‌ಡೌನಿನಲ್ಲಿ ಮೊಮ್ಮಗಳು ಮೊಬೈಲು ನೋಡಿ ಕಲಿತಳು, ಆಮೇಲೆ ಪುಟ್ಟ ಓವನ್ನೂ ಬಂತು. ರಾಗಿ ಬಿಸ್ಕತ್ತು, ಬಾಳೆಹಣ್ಣಿನ ಕೇಕು, ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಮಾಡುತ್ತಾಳೆ. ಗಂಟೆ ಹೊಡೆಯುವವರೆಗೆ ಓದಿಕೊಳ್ಳುತ್ತಾಳೆ. ಕೇಕು ಕಾಯುತ್ತದೆ.

ಅವಳೇ ಹೋದ ವರ್ಷ ಕೇಕಿನ ಸಿಲಿಕೋನ್ ಅಚ್ಚಿಗೆ ಪಾಕ ಹೊಯ್ದು ನೋಡಿದಳು. ನೆನೆಸುವುದಿಲ್ಲ, ಕಟ್ಟುವುದಿಲ್ಲ, ಹಿಂದಿನಿಂದ ಒತ್ತಿದರೆ ಹೃದಯ, ಗುಲಾಬಿ ಉದುರುತ್ತವೆ. ದೊಡ್ಡವ್ವ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು. ‘ಚೆನ್ನಾಗದ. ಸದ್ದೇ ಇಲ್ವಲ್ಲ’ ಅಂದಳು. ಮರದ ಅಚ್ಚು ನೆಲಕ್ಕೆ ತಟ್ಟಿದಾಗ ಬರುವ ಟಪ್ ಸದ್ದಿನಿಂದ, ಒಳಗಿನದ್ದು ಇಡಿಯಾಗಿ ಬಂತೋ ಮುರಿಯಿತೋ ಅವಳಿಗೆ ಒಲೆಯ ಮುಂದೆ ಕೂತೇ ಗೊತ್ತಾಗುತ್ತದೆ.

ದೊಡ್ಡವ್ವನ ಚರಿತ್ರೆ

ಸಕ್ಕರೆ ಅಚ್ಚಿನ ಹಿನ್ನೆಲೆ ಕೇಳಿದರೆ ದೊಡ್ಡವ್ವನದು ಮೂರೇ ಮಾತು: ‘ಮೊದ್ಲು ಬೆಲ್ಲ. ಆಮ್ಯಾಕ್ಕೆ ರೇಷನ್ ಸಕ್ರ. ಈಗ ಅಂಗ್ಡಿ.’ ಸಂಕ್ಷಿಪ್ತವಾದರೂ ತಪ್ಪಿಲ್ಲ. ಹಳೇ ಮೈಸೂರು ಸೀಮೆಯಲ್ಲಿ ಆಲೆಮನೆಯ ಬೆಲ್ಲವೇ ದಿನಬಳಕೆಯ ಸಿಹಿಯಾಗಿತ್ತು. ಕೃಷ್ಣರಾಜಸಾಗರದ ನೀರಿನಿಂದ ಕಬ್ಬು ಹಬ್ಬಿ, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದ ಮೇಲೆ ಬಿಳಿ ಸಕ್ಕರೆ ಹತ್ತಿರವಾಯಿತು. ಆಮೇಲೆ ರೇಷನ್ ಕಾಲ. ತಿಂಗಳ ಪಾಲಿನಲ್ಲಿ ಇಷ್ಟಿಷ್ಟೇ ಎತ್ತಿಟ್ಟು ಜನವರಿಗೆ ಕೂಡಿಸುತ್ತಿದ್ದರು. ಆ ಸಕ್ಕರೆ ಮಣ್ಣು ಬಣ್ಣದ್ದಾದ್ದರಿಂದ ಹಾಲು ಹಾಕಿ ಕೊಳೆ ತೆಗೆಯುವುದು ಆಗ ಶಾಸ್ತ್ರವಾಗಿರಲಿಲ್ಲ, ಅಗತ್ಯವೇ ಆಗಿತ್ತು. ಈಗ ಸಂಕ್ರಾಂತಿಯ ವಾರ ಮೈಸೂರಿನ ದೇವರಾಜ ಮಾರುಕಟ್ಟೆಯ ಸುತ್ತ ಸಕ್ಕರೆ ಅಚ್ಚು ಕಿಲೋ ಲೆಕ್ಕದಲ್ಲಿ ಸಿಗುತ್ತದೆ, ಬಣ್ಣಬಣ್ಣದ್ದು. ನಮ್ಮ ಬೀದಿಯಲ್ಲೂ ಬೀರುವ ತಟ್ಟೆಗಳಲ್ಲಿರುವ ಅಚ್ಚುಗಳಲ್ಲಿ ಹೆಚ್ಚಿನವು ಅಲ್ಲಿಯವೇ.

ಈಜಿಪ್ಟಿನಲ್ಲೂ ಪ್ರವಾದಿಯವರ ಹುಟ್ಟುಹಬ್ಬಕ್ಕೆ ಮರದ ಅಚ್ಚಿಗೆ ಪಾಕ ಹೊಯ್ದು ಬೊಂಬೆ, ಕುದುರೆ ಸವಾರರನ್ನು ಮಾಡುವ ರೂಢಿ ಇದೆ ಎಂದು ಹೇಳಿದೆ. ದೊಡ್ಡವ್ವ ತಿರುವುತ್ತಲೇ ಕೇಳಿದಳು: ‘ಅಲ್ಲೂ ಮೂರ್ ಜನ ಬೇಕಾ?’

ಚಾಮರಾಜನಗರದ ಅರ್ಧ

ಗಿಳಿಯ ಇನ್ನರ್ಧ ಹಾರಿಹೋಗಿರಲಿಲ್ಲ. ದೊಡ್ಡಪ್ಪ, ಚಿಕ್ಕಪ್ಪ ಪಾಲಾದಾಗ ಪಾತ್ರೆ ಪರಡಿಯ ಜೊತೆ ಅಚ್ಚುಗಳೂ ಪಾಲಾದವು. ಸಂಜೆಯಾಗಿತ್ತು, ಎತ್ತಿನ ಗಾಡಿ ಕಾಯುತ್ತಿತ್ತು. ಅವಸರದಲ್ಲಿ ಗೆರೆಗಳನ್ನು ಯಾರೂ ನೋಡಲಿಲ್ಲ. ಚಿಕ್ಕಪ್ಪ ಚಾಮರಾಜನಗರಕ್ಕೆ ಹೋಗಿ ಗಂಟು ಬಿಚ್ಚಿದಾಗ ಅಲ್ಲೊಂದು ಅರ್ಧ ಗಿಳಿ, ಇಲ್ಲೊಂದು ಅರ್ಧ ಗಿಳಿ. ತೆರಕಣಾಂಬಿ ಮೇಲೆ ಬಸ್ಸಿನಲ್ಲಿ ಗಂಟೆಯ ದಾರಿ. ತಂದುಕೊಡುವ ಮಾತು ಮದುವೆ, ತಿಥಿ, ಚಾಮರಾಜೇಶ್ವರನ ತೇರು ಎಲ್ಲದರಲ್ಲೂ ಬರುತ್ತಿತ್ತು. ತರುವುದು ಮರೆಯುತ್ತಿತ್ತು. ಹೀಗೆ ನಲವತ್ತು ವರ್ಷ ಕಳೆದವು.

ಹೋದ ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ನಾನೇ ಹೋಗಿ ತಂದೆ. ಚಿಕ್ಕಮ್ಮ ಅಚ್ಚು ಮಾಡುವುದು ಬಿಟ್ಟು ಬಹಳ ಕಾಲವಾಗಿದೆ. ಗಿಳಿ ಶೋಕೇಸಿನಲ್ಲಿ ಚನ್ನಪಟ್ಟಣದ ಬೊಂಬೆಗಳ ಪಕ್ಕ ಕೂತಿತ್ತು. ಬೆನ್ನ ಮೇಲೆ ಮೂರು ಗೆರೆ ಸ್ಪಷ್ಟವಾಗಿತ್ತು.

ಗುಂಡ್ಲುಪೇಟೆಯಲ್ಲಿ ಎರಡನ್ನೂ ಜೋಡಿಸಿ ಟ್ಯೂಬ್‌ಲೈಟಿಗೆ ಹಿಡಿದೆವು. ನಡುವೆ ಬೆಳಕಿನ ಗೆರೆ ಕಂಡಿತು. ಇಲ್ಲಿಯದು ವರ್ಷವರ್ಷವೂ ನೆನೆದು ಅಂಚು ಮೊಂಡಾಗಿದೆ. ಅಲ್ಲಿಯದು ಒಣಗಿ ಒಣಗಿ ಕುಗ್ಗಿದೆ, ರೆಕ್ಕೆಯ ಮೇಲೆ ಕೂದಲಿನಷ್ಟು ಬಿರುಕು. ಎರಡು ರಾತ್ರಿ ನೀರಿನಲ್ಲಿಟ್ಟರೂ ಅಂಚಿಗೆ ಅಂಚು ಕೂಡಲಿಲ್ಲ. ದಾರದಲ್ಲಿ ಬಿಗಿದು ಕಟ್ಟಿ, ಮೂವರೂ ಉಸಿರು ಹಿಡಿದು ಹೊಯ್ದೆವು. ಪಾಕ ಸಂದಿನಲ್ಲಿ ಸೋರಿತು. ತಟ್ಟಿ ಬಿಡಿಸಿದಾಗ ಎರಡು ಕಣ್ಣಿನ ಗಿಳಿ ಬಂತು ನಿಜ. ಸುತ್ತಲೂ ಮೀನಿನ ಈಜುರೆಕ್ಕೆಯಂಥ ಸಕ್ಕರೆಯ ಪದರ. ನಿಲ್ಲಿಸಿದರೆ ವಾಲುತ್ತಿತ್ತು.

ಅಷ್ಟು ಹೊತ್ತಿಗೆ ಹನ್ನೊಂದೂವರೆ. ಅತ್ತಿಗೆಗೆ ಬೆಳಗ್ಗೆ ಶಾಲೆ. ಮಿಕ್ಕ ಗಿಳಿಗಳಿಗೆ ಹಳೇ ಅರ್ಧವನ್ನೇ ಹಲಗೆಯ ಮೇಲೆ ಅಂಗಾತ ಇಟ್ಟು ಪಾಕ ಹೊಯ್ದೆವು. ಅದಕ್ಕೆ ಇಬ್ಬರು ಸಾಕು.

ಇಡೀ ಗಿಳಿಯನ್ನು ದೊಡ್ಡವ್ವ ಹಾಳೆಯಲ್ಲಿ ಸುತ್ತಿ ನನ್ನ ಕೈಲಿ ಚಾಮರಾಜನಗರಕ್ಕೆ ಕಳಿಸಿದಳು. ಚಿಕ್ಕಮ್ಮನಿಗೆ ಶುಗರ್, ತಿನ್ನುವಂತಿಲ್ಲ. ಅಚ್ಚು ಇದ್ದ ಜಾಗದಲ್ಲಿ ಈಗ ಶೋಕೇಸಿನೊಳಗೆ ಗಿಳಿ ಇದೆ, ಗೋಡೆಗೆ ಒರಗಿಕೊಂಡು. ಇರುವೆ ಹತ್ತದಿರಲೆಂದು ಅದರ ಸುತ್ತ ಅರಿಶಿನದ ಗೆರೆ ಎಳೆದಿದ್ದಾರೆ.