ಮೊದಲ ಕಂತು ಪುಕ್ಕಟೆ

1993ರ ಡಿಸೆಂಬರ್ 10. ‘ಡೂಮ್’ ಎಂಬ ಹೊಸ ಗೇಮ್ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸರ್ವರ್‌ಗೆ ಬರಲಿದೆ ಎಂಬ ಸುದ್ದಿ ಹಬ್ಬಿತ್ತು. ಇಳಿಸಿಕೊಳ್ಳಲು ಕಾದವರ ನೂಕುನುಗ್ಗಲು ಎಷ್ಟಿತ್ತೆಂದರೆ, ಗೇಮ್ ತಯಾರಿಸಿದ ಐಡಿ ಸಾಫ್ಟ್‌ವೇರ್‌ನವರಿಗೇ ಅದನ್ನು ಏರಿಸಲು ಸಂಪರ್ಕ ಸಿಗದೆ ಪರದಾಡಬೇಕಾಯಿತು. ಅವರು ಅಂದು ಹಂಚಿದ್ದು ಮೂರು ಕಂತುಗಳಲ್ಲಿ ಮೊದಲನೆಯದನ್ನು. ಒಂಬತ್ತು ಹಂತಗಳು, ಒಂದು ಕಾಸೂ ಇಲ್ಲ.

ಗೇಮನ್ನು ಬಣ್ಣಿಸಿ ಮಾರುವುದು ಕಷ್ಟ. ಟ್ರೇಲರ್ ನೋಡಿದವರಿಗೆ ಸಿನಿಮಾದ ರುಚಿ ಅಷ್ಟಿಷ್ಟಾದರೂ ಸಿಗುತ್ತದೆ. ಆದರೆ ಕೀಲಿ ಒತ್ತಿದೊಡನೆ ತೆರೆಯ ಮೇಲಿನ ವೀರ ಎಷ್ಟು ಚುರುಕಾಗಿ ತಿರುಗುತ್ತಾನೆ ಎಂಬುದು ಕಣ್ಣಿಗೆ ತಿಳಿಯುವುದಲ್ಲ, ಬೆರಳಿಗೆ ತಿಳಿಯಬೇಕು.

ಇದನ್ನು ಅರಿತು ವ್ಯಾಪಾರದ ದಾರಿ ಮಾಡಿದವರು ಟೆಕ್ಸಸ್‌ನ ಸ್ಕಾಟ್ ಮಿಲ್ಲರ್. ಅಲ್ಲಿಯವರೆಗೆ ‘ಶೇರ್‌ವೇರ್’ ಎಂದರೆ ಇಡೀ ಪ್ರೋಗ್ರಾಂ ಹಂಚಿ, ಇಷ್ಟವಾದರೆ ಹಣ ಕಳಿಸಿ ಎಂದು ಕೇಳಿಕೊಳ್ಳುವುದು. ಕಳಿಸುವವರು ಕಡಿಮೆ. 1987ರಲ್ಲಿ ಮಿಲ್ಲರ್ ತಮ್ಮ ‘ಕ್ರೋಜ್’ ಗೇಮನ್ನು ಕಂತುಗಳಾಗಿ ಒಡೆದರು. ಮೊದಲನೆಯದು ಪುಕ್ಕಟೆ, ಮುಂದಿನವಕ್ಕೆ ದುಡ್ಡು. 1990ರಲ್ಲಿ ಅವರ ಅಪೋಜಿ ಸಂಸ್ಥೆ ಇದೇ ರೀತಿ ಬಿಡುಗಡೆ ಮಾಡಿದ ‘ಕಮಾಂಡರ್ ಕೀನ್’ ತಯಾರಿಸಿದ ಗೆಳೆಯರೇ ಮುಂದೆ ಐಡಿ ಕಟ್ಟಿದವರು.

ನನಗೆ ದೊಡ್ಡದಾಗಿ ಕಾಣುವುದು ಎಲ್ಲಿ ನಿಲ್ಲಿಸಬೇಕೆಂದು ಅವರಿಗಿದ್ದ ತಿಳಿವು. ಪುಕ್ಕಟೆ ಎಂದು ‘ಡೂಮ್’ ತಂಡ ಕಳಪೆ ಭಾಗವನ್ನು ಕೊಡಲಿಲ್ಲ. ಮೊದಲ ಕಂತಿನ ಬಹುಪಾಲು ಹಂತಗಳನ್ನು ತಂಡದ ಜಾನ್ ರೊಮೆರೊ ರಚಿಸಿದರು. ಇಂದಿಗೂ ಅನೇಕರಿಗೆ ಅದೇ ಅಚ್ಚುಮೆಚ್ಚು. ಕೊನೆಯಲ್ಲಿ ಇಬ್ಬರು ದೈತ್ಯರನ್ನು ಉರುಳಿಸಿದರೆ ಗೋಡೆಗಳು ಕುಸಿದು ದಾರಿ ತೆರೆಯುತ್ತದೆ. ಗೆದ್ದೆನೆಂದು ಮುಂದೆ ಹೆಜ್ಜೆಯಿಟ್ಟರೆ ಒಂದು ಕತ್ತಲೆ ಕೋಣೆ, ಸುತ್ತಲೂ ರಾಕ್ಷಸರು. ಜೀವ ಹೋಗುವ ಹೊತ್ತಿಗೆ ಕಂತು ಮುಗಿಯುತ್ತದೆ. ಕಥೆ ಮುಂದಿನ ಕಂತುಗಳಲ್ಲಿದೆ ಎಂಬ ಬರಹ ಮೂಡುತ್ತದೆ. ಊಟಕ್ಕೆ ಕೂರಿಸಿ, ಹೊಟ್ಟೆ ತುಂಬುವ ಮುನ್ನ ಎಬ್ಬಿಸಿದ ಹಾಗೆ! ಆದರೂ ಅಷ್ಟು ಉಂಡವರಿಗೆ ಮೋಸವಾಯಿತೆಂದು ಅನಿಸುವುದಿಲ್ಲ, ಏಕೆಂದರೆ ಬಡಿಸಿದ್ದು ನಿಜವಾದ ಅಡುಗೆ.

ಈ ಕಂತನ್ನು ಅಂಗಡಿಯವರು ಫ್ಲಾಪಿಗೆ ಹಾಕಿ ಮಾರಿಕೊಳ್ಳಬಹುದಿತ್ತು, ಐಡಿಗೆ ಪಾಲು ಕೊಡಬೇಕಿರಲಿಲ್ಲ. ಹೀಗೆ ಅಂಗಡಿಗಳೇ ಪ್ರಚಾರಕರಾದವು. ನಮ್ಮ ದೇಶದಲ್ಲಿ ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳೂ ಇಂಥ ಡೆಮೊಗಳನ್ನು ಹೊತ್ತು ತರುತ್ತಿದ್ದವು. ಒಂದೇ ಹಂತವನ್ನು ಇಪ್ಪತ್ತು ಸಲ ಆಡಿದ ಮಕ್ಕಳಲ್ಲಿ ನಾನೂ ಒಬ್ಬ.

2006ರಲ್ಲಿ ನಿಂಟೆಂಡೊ ಎದುರಿಸಿದ ಸವಾಲು ಬೇರೆ. ಎಂದೂ ಗೇಮ್ ಮುಟ್ಟದವರಿಗೆ ‘ವೀ’ ಎಂಬ ಗೇಮ್ ಯಂತ್ರ ಮಾರಬೇಕಿತ್ತು. ಅಮೆರಿಕದ ಕೆಲವು ನಗರಗಳಲ್ಲಿ ತಾಯಂದಿರನ್ನೂ, ಅಜ್ಜ-ಅಜ್ಜಿ ಸಹಿತವಾದ ಕುಟುಂಬಗಳನ್ನೂ ಆರಿಸಿ, ಅವರ ನಂಟರಿಷ್ಟರನ್ನು ಕರೆಸಿ ಕೈಗೆ ರಿಮೋಟ್ ಕೊಟ್ಟರು. ತೋಳು ಬೀಸಿದರೆ ಟೆನ್ನಿಸ್. ಕಲಿಸುವ ಗೋಜೇ ಇಲ್ಲ. ಮುಂದೆ ಜಗತ್ತಿನಾದ್ಯಂತ 10 ಕೋಟಿಗೂ ಹೆಚ್ಚು ವೀಗಳು ಮಾರಾಟವಾದವು.

ಈಗ ‘ಸ್ಟೀಮ್’ ಮಾರಾಟತಾಣದಲ್ಲಿ ವರ್ಷಕ್ಕೆ ಮೂರು ಬಾರಿ ‘ನೆಕ್ಸ್ಟ್ ಫೆಸ್ಟ್’ ನಡೆಯುತ್ತದೆ. ಜಾಹೀರಾತಿಗೆ ಹಣವಿಲ್ಲದ ಇಬ್ಬರು ಮೂವರ ತಂಡಗಳೂ ಬಿಡುಗಡೆಗೆ ಮುಂಚೆ ತಮ್ಮ ಡೆಮೊ ತಂದಿಡುತ್ತವೆ. ಆಟಗಾರರು ಎಲ್ಲಿ ಬೇಸತ್ತು ಬಿಟ್ಟುಹೋದರು ಎಂದು ನೋಡಿ, ಬಿಡುಗಡೆಗೆ ಮೊದಲು ಆ ಹಂತವನ್ನೇ ಕೆಡವಿ ಮತ್ತೆ ಕಟ್ಟುವವರೂ ಉಂಟು.