ಹಡಗಿನ ಅಧಿಕಾರಿಯ ಕೆಲಸ: ಹಣ ಕಟ್ಟುವ ಮುನ್ನ

ಮಗನನ್ನು ವಾಣಿಜ್ಯ ಹಡಗಿನ ಅಧಿಕಾರಿ ಮಾಡಬೇಕು, ತೋಟದ ಮೇಲೆ ಸಾಲ ಸಿಕ್ಕೀತೇ ಎಂದು ರಾವಂದೂರು ಕಡೆಯ ಸದಸ್ಯರೊಬ್ಬರು ಸಂಘದ ಕಛೇರಿಗೆ ಬಂದು ಕೇಳಿದರು. ನಮ್ಮ ನಾಡಿನ ಕಾಫಿ ಹೊಸ ಮಂಗಳೂರು ಬಂದರಿನಲ್ಲಿ ಹಡಗೇರುವುದನ್ನು ಬಲ್ಲೆವು. ಹಡಗು ನಡೆಸುವವರ ವಿಚಾರ ನಮಗೂ ಹೊಸದೇ. ಕೇಳಿ ತಿಳಿದದ್ದನ್ನು ಎಲ್ಲ ಸದಸ್ಯರ ಗಮನಕ್ಕೆ ತರುತ್ತಿದ್ದೇವೆ.

ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು 2008ರಲ್ಲಿ ಸ್ಥಾಪಿತವಾದ ಇಂಡಿಯನ್ ಮ್ಯಾರಿಟೈಮ್ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆ ಬರೆಯುತ್ತಾರೆ. ನೌಕಾವಿಜ್ಞಾನದ ಡಿಪ್ಲೊಮಾ ಒಂದು ವರ್ಷದ್ದು. ಅದು ಮುಗಿದೊಡನೆ ಯಾರೂ ಅಧಿಕಾರಿಯಾಗುವುದಿಲ್ಲ. ಕೆಡೆಟ್ ಆಗಿ 18 ತಿಂಗಳು ಹಡಗಿನಲ್ಲಿ ದುಡಿದ ಮೇಲೆ ಸೆಕೆಂಡ್ ಮೇಟ್ ಪರೀಕ್ಷೆ. ಅದರಲ್ಲಿ ತೇರ್ಗಡೆಯಾದರೆ ಥರ್ಡ್ ಆಫೀಸರ್ ಆಗುವ ಅರ್ಹತೆ.

ತೊಡಕಿರುವುದು ಇಲ್ಲಿಯೇ. ಕಾಲೇಜಿನಲ್ಲಿ ಸೀಟು ಸಿಕ್ಕಿತೆಂದ ಮಾತ್ರಕ್ಕೆ ಹಡಗಿನಲ್ಲಿ ಸ್ಥಳ ಸಿಗದು. ಹಡಗು ಹತ್ತದೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ಹುದ್ದೆಯಿಲ್ಲ. ಜಗತ್ತಿನಲ್ಲಿ ಅಧಿಕಾರಿಗಳ ಕೊರತೆಯಿದೆ ಎಂಬುದು ಸುಳ್ಳಲ್ಲ. 2026ರೊಳಗೆ ಇನ್ನೂ 89,510 ಮಂದಿ ಬೇಕಾಗುವರೆಂದು ಬಿಮ್ಕೊ ಮುಂತಾದ ಹಡಗು ಮಾಲೀಕರ ಸಂಸ್ಥೆಗಳು 2021ರ ವರದಿಯಲ್ಲಿ ಹೇಳಿದ್ದವು. ಆದರೆ ಕಂಪನಿಗಳು ಹುಡುಕುವುದು ಬಹುಮಟ್ಟಿಗೆ ಅನುಭವಸ್ಥರನ್ನು. ಫಸಲು ಬಿಡುವ ಮರಕ್ಕೆ ಗಿರಾಕಿ ಬಹಳ, ಸಸಿ ಸಾಕುವವರು ಕಡಿಮೆ.

ಅಡಿಕೆ ಧಾರಣೆಯಂತೆ ಹಡಗಿನ ಬಾಡಿಗೆಗೂ ಏರಿಳಿತವುಂಟು. 2008ರ ಮೇ ತಿಂಗಳಲ್ಲಿ 11,793 ಇದ್ದ ಬಾಲ್ಟಿಕ್ ಸೂಚ್ಯಂಕ ಅದೇ ಡಿಸೆಂಬರಿನಲ್ಲಿ 663ಕ್ಕೆ ಕುಸಿಯಿತು. ಅಂಥ ವರ್ಷ ಹೊರಬಿದ್ದ ಹುಡುಗನ ಪಾಡು ಹೇಳಬೇಕಿಲ್ಲ.

ಇನ್ನು ದಲ್ಲಾಳಿಗಳು. "ಇಷ್ಟು ಲಕ್ಷ ಕೊಡಿ, ಹಡಗು ಹತ್ತಿಸುತ್ತೇವೆ" ಎನ್ನುವವರನ್ನು ಹೊಸ್ತಿಲೊಳಗೆ ಬಿಡಬೇಡಿ. 2006ರ ಸಮುದ್ರ ಕಾರ್ಮಿಕ ಒಡಂಬಡಿಕೆಯನ್ನು ಭಾರತ 2015ರಲ್ಲಿ ಅಂಗೀಕರಿಸಿದೆ. ಅದರಂತೆ ಕೆಲಸ ಕೊಡಿಸಲು ನಾವಿಕನಿಂದ ಶುಲ್ಕ ಪಡೆಯುವಂತಿಲ್ಲ. ನೇಮಕ ಮಾಡುವ ಏಜೆಂಟರಿಗೆ ಡಿ.ಜಿ. ಶಿಪ್ಪಿಂಗ್‌ನ ಪರವಾನಗಿ ಇರಲೇಬೇಕು. ಪರವಾನಗಿ ಸಂಖ್ಯೆ ಕೇಳಿ, ಪಟ್ಟಿಯಲ್ಲಿ ಇದೆಯೇ ನೋಡಿ.

ಸದಸ್ಯರಿಗೆ ನಾವು ಹೇಳಿದ್ದು ಇಷ್ಟೇ: ಮೊದಲು ಹುಡುಗನ ಕಣ್ಣು ತೋರಿಸಿ, ಬಣ್ಣಗುರುಡಿದ್ದರೆ ಡೆಕ್ ಅಧಿಕಾರಿಯಾಗುವಂತಿಲ್ಲ. ತರಬೇತಿಯ ಬಳಿಕ ಹಡಗಿಗೆ ತೆಗೆದುಕೊಳ್ಳುವೆವೆಂದು ಹಡಗು ಕಂಪನಿಯೇ ಬರೆದುಕೊಡುವ ಪ್ರಾಯೋಜಕತ್ವದ ಪತ್ರ ಕೈಗೆ ಬಂದ ಮೇಲೆ ಫೀಜು ಕಟ್ಟಿ. ಎರಡು ಯಾನಗಳ ನಡುವಿನ ತಿಂಗಳುಗಳಲ್ಲಿ ಸಾಮಾನ್ಯವಾಗಿ ಸಂಬಳವಿರದು, ಸಾಲದ ಕಂತು ಲೆಕ್ಕ ಹಾಕುವಾಗ ಅದೂ ನೆನಪಿರಲಿ.

ಮರುವಾರವೇ ಅವರು ಮಗನನ್ನು ಮೈಸೂರಿಗೆ ಕರೆದೊಯ್ದು ಕಣ್ಣು ತೋರಿಸಿದರು. ದೋಷವಿಲ್ಲವಂತೆ. ಪತ್ರ ಇನ್ನೂ ಬಂದಿಲ್ಲ. ಸಾಲದ ಅರ್ಜಿಯನ್ನು ಅವರೇ ಸದ್ಯಕ್ಕೆ ತಡೆಹಿಡಿಯಲು ಹೇಳಿದ್ದಾರೆ.