ಸಸಿಮಡಿಯಲ್ಲಿ ಎತ್ತರ ಬೆಳೆದ ನೆಲ್ಲಿನ ಸಸಿ: ಹಿಗ್ಗಬೇಡಿ

ತುಂಗಭದ್ರಾ ಕಾಲುವೆಯ ನೀರಿನಲ್ಲಿ ನೆಲ್ಲು ಬೆಳೆಯುವ ಸಿರಿಗೇರಿ, ಸಿರುಗುಪ್ಪ ಸುತ್ತಿನ ತಮಗೆ ಒಂದು ಪ್ರಶ್ನೆ. ಸಸಿಮಡಿ ಒಂದೇ ಸಮನಾಗಿ ಬೆಳೆದಿರುವಾಗ ಅಲ್ಲೊಂದು ಇಲ್ಲೊಂದು ಸಸಿ ಮಾತ್ರ ಗೇಣುದ್ದ ಮೇಲೆದ್ದು, ತೆಳ್ಳಗಾಗಿ, ತಿಳಿಹಳದಿಗೆ ತಿರುಗಿದ್ದರೆ ಏನು ಮಾಡುತ್ತೀರಿ? ಜೋರಾದ ಸಸಿಯೆಂದು ನಾಟಿ ಮಾಡಬೇಡಿ. ಅದು ಬಕಾನೆ ರೋಗ. ಈ ಜಪಾನೀ ಮಾತಿಗೆ 'ಪೆದ್ದ ಸಸಿ' ಎಂದು ಅರ್ಥ. ಇಂಥ ಸಸಿಗಳಲ್ಲಿ ಹಲವು ಸಾಯುತ್ತವೆ. ಬದುಕಿದವು ಬಹುಮಟ್ಟಿಗೆ ಜೊಳ್ಳು ಕೊಡುತ್ತವೆ.

ರೋಗ ಬಂದ ಪೈರು ಕುಗ್ಗುವ ಬದಲು ಬೆಳೆಯುವುದೇಕೆ? 1926ರಲ್ಲಿ ಕುರೊಸಾವಾ ಎಂಬ ಜಪಾನೀ ವಿಜ್ಞಾನಿ ಈ ರೋಗದ ಶಿಲೀಂಧ್ರ ಬೆಳೆದ ದ್ರವವನ್ನು ಸೋಸಿ, ಶಿಲೀಂಧ್ರವಿಲ್ಲದ ಆ ದ್ರವವನ್ನೇ ಆರೋಗ್ಯವಂತ ಸಸಿಗಳಿಗೆ ಕೊಟ್ಟರು. ಅವೂ ಉದ್ದವಾದವು. ದ್ರವದಲ್ಲಿದ್ದ ವಸ್ತುವಿಗೆ ಮುಂದೆ ಜಿಬ್ಬರೆಲಿನ್ ಎಂಬ ಹೆಸರು ಬಂತು. ಪೈರು ತನ್ನ ಬೆಳವಣಿಗೆಗಾಗಿ ತಾನೇ ತಯಾರಿಸಿಕೊಳ್ಳುವ ಹಾರ್ಮೋನೂ ಇದೇ ಎಂದು ಆಮೇಲೆ ತಿಳಿಯಿತು.

ಹಾರ್ಮೋನು ಬೀಗದ ಕೈ ಇದ್ದಂತೆ. ಬೀಗವಿಲ್ಲದೆ ಕೈಯಿಂದ ಏನೂ ಆಗದು. ಪೈರಿನ ಜೀವಕೋಶದಲ್ಲಿರುವ ಆ ಬೀಗಕ್ಕೆ ಗ್ರಾಹಕ ಎನ್ನುತ್ತಾರೆ. ನೆಲ್ಲಿನಲ್ಲಿ ಜಿಬ್ಬರೆಲಿನ್‌ನ ಗ್ರಾಹಕವನ್ನು ರೂಪಿಸುವ ವಂಶವಾಹಿ ಒಂದೇ ಒಂದು. ಅದರ ಹೆಸರು ಜಿಐಡಿ-1. ಜಪಾನಿನ ನಗೋಯಾದ ವಿಜ್ಞಾನಿಗಳು 2005ರಲ್ಲಿ ಇದನ್ನು ಪ್ರಕಟಿಸಿದರು. ಈ ವಂಶವಾಹಿ ಕೆಟ್ಟ ಪೈರಿಗೆ ಎಷ್ಟು ಜಿಬ್ಬರೆಲಿನ್ ಸುರಿದರೂ ಅದು ನೆಲ ಬಿಟ್ಟು ಏಳುವುದಿಲ್ಲ, ಕಾಳು ಕಟ್ಟುವುದೂ ಇಲ್ಲ. ಆದರೆ 2006ರಲ್ಲಿ ಇನ್ನೊಂದು ಸಂಗತಿ ಕಂಡಿತು: ಆ ಗಿಡ್ಡ ಪೈರು ಬೆಂಕಿ ರೋಗವನ್ನು ಮಾಮೂಲಿ ಪೈರಿಗಿಂತ ಚೆನ್ನಾಗಿ ತಡೆಯಿತು! ಎತ್ತರಕ್ಕೂ ರೋಗಕ್ಕೂ ಹೀಗೆ ಒಂದೇ ಬೀಗದ ನಂಟು. ಮನುಷ್ಯರಲ್ಲೂ ಇಂಥದ್ದಿದೆ. ದಕ್ಷಿಣ ಅಮೆರಿಕದ ಈಕ್ವಡಾರ್‌ನಲ್ಲಿ ಬೆಳವಣಿಗೆ ಹಾರ್ಮೋನಿನ ಗ್ರಾಹಕ ಹುಟ್ಟಿನಿಂದಲೇ ಕೆಟ್ಟಿರುವ ಕೆಲವು ಕುಟುಂಬದವರು ಬಹಳ ಕುಳ್ಳರು. ಅವರಲ್ಲಿ ಕ್ಯಾನ್ಸರ್ ಮತ್ತು ಸಕ್ಕರೆ ಕಾಯಿಲೆ ತೀರ ಅಪರೂಪವೆಂದು 2011ರಲ್ಲಿ ವರದಿಯಾಯಿತು.

'ನಮ್ಮದು ಗಿಡ್ಡ ತಳಿ, ನಮಗೇನು ಭಯ?' ಎಂದು ತಾವು ಕೇಳಬಹುದು. 1966ರಲ್ಲಿ ಬಂದ ಐಆರ್-8ರಂಥ ಗಿಡ್ಡ ತಳಿಗಳಲ್ಲಿ ಬೀಗ ಕೆಟ್ಟಿಲ್ಲ. ಹಾರ್ಮೋನು ತಯಾರಾಗುವುದು ಕಡಿಮೆ, ಅಷ್ಟೇ. ಶಿಲೀಂಧ್ರ ಹೊರಗಿನಿಂದ ಕೈಗಳನ್ನು ತಂದು ಸುರಿದಾಗ ಗಿಡ್ಡ ತಳಿಯೂ ಏಳುತ್ತದೆ. ಅಂಗಡಿಯಲ್ಲಿ ಮಾರುವ ಜಿಬ್ಬರೆಲಿಕ್ ಆಮ್ಲದ ಟಾನಿಕ್ಕೂ ಅದೇ ಕೈ. ಸಂಕರಣ ಬೀಜೋತ್ಪಾದನೆಯಲ್ಲಿ ಅದಕ್ಕೆ ಕೆಲಸವಿದೆ. ಸಾಮಾನ್ಯ ಬೆಳೆಗೆ ಮನಬಂದಂತೆ ಹೊಡೆದು, ದಂಟು ಉದ್ದವಾಗಿ ಪೈರು ಮಲಗಿದ ಮೇಲೆ ಮಳೆಯನ್ನು ಬೈದು ಫಲವಿಲ್ಲ.

ಬಕಾನೆ ಮುಖ್ಯವಾಗಿ ಬೀಜದಿಂದ ಬರುತ್ತದೆ. ಹೂ ಬಿಡುವ ಕಾಲದಲ್ಲಿ ರೋಗದ ಬೀಜಕಣಗಳು ಅಕ್ಕಪಕ್ಕದ ತೆನೆಗಳಿಗೆ ಹಾರಿ ಕಾಳಿನೊಳಗೆ ಸೇರುತ್ತವೆ. ಆದ್ದರಿಂದ ಮನೆಯ ಬೀಜ ಇಟ್ಟುಕೊಳ್ಳುವವರು ರೋಗ ಕಂಡ ಗದ್ದೆಯ ಕಾಳನ್ನು ಬೀಜಕ್ಕೆ ಎತ್ತಿಡಬಾರದು. ಬಿತ್ತುವ ಮುನ್ನ ಉಪ್ಪುನೀರಿನಲ್ಲಿ ತೇಲುವ ಜೊಳ್ಳನ್ನು ತೆಗೆದು, ಉಳಿದ ಬೀಜವನ್ನು ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಅನಂತರ ಒಂದು ಕಿಲೋ ಬೀಜಕ್ಕೆ ಒಂದು ಲೀಟರ್ ನೀರಿನಲ್ಲಿ 2 ಗ್ರಾಂ ಕಾರ್ಬೆಂಡೆಜಿಮ್ ಕಲಸಿ ನೆನೆಹಾಕಿರಿ. ಉಪಚರಿಸಿದ ಬೀಜ ಉಳಿದರೆ ದನಕ್ಕೂ ಕೋಳಿಗೂ ಹಾಕಬೇಡಿ. ಸಸಿಮಡಿಯಲ್ಲಿ ತಲೆಯೆತ್ತಿದ ಸಸಿಗಳನ್ನು ನಾಟಿಗೆ ಮೊದಲೇ ಬೇರುಸಹಿತ ಕಿತ್ತು ಸುಡಿರಿ; ಗದ್ದೆಯಲ್ಲಿ ಕಂಡರೆ ತೆನೆ ಒಡೆಯುವ ಮುಂಚೆ ಕೀಳಬೇಕು. ಕಿತ್ತ ಸಸಿಯನ್ನು ಬದುವಿನ ಮೇಲೆ ಬಿಟ್ಟು ಬರಬೇಡಿ.